ಮೀಯುವ ಕೆರೆಗೆ ದರ್ಜೆ ಹಾಕುವಾಗ

ಮೀಯುವ ನೀರಿಗೆ ನಮ್ಮ ದೇಶದಲ್ಲಿ ಐದು ಅಳತೆಗಳು. ಮಲಜನ್ಯ ಕೋಲಿಫಾರ್ಮ್ (ಮಲದಿಂದ ಬರುವ ಬ್ಯಾಕ್ಟೀರಿಯಾ) 100 ಮಿ.ಲೀ.ಗೆ 500ರೊಳಗಿದ್ದರೆ ಒಳ್ಳೆಯದು, 2500 ದಾಟಬಾರದು. ಮಲದ ಇನ್ನೊಂದು ಬ್ಯಾಕ್ಟೀರಿಯಾ ಗುಂಪಾದ ಸ್ಟ್ರೆಪ್ಟೊಕಾಕೈಗೆ ಇದೇ ರೀತಿ 100 ಮತ್ತು 500. ಪಿಎಚ್ 6.5ರಿಂದ 8.5, ಕರಗಿದ ಆಮ್ಲಜನಕ ಲೀಟರಿಗೆ ಕನಿಷ್ಠ 5 ಮಿ.ಗ್ರಾಂ, ಬಿಒಡಿ (ನೀರಿನ ಕೊಳೆಯನ್ನು ಕರಗಿಸಲು ಸೂಕ್ಷ್ಮಜೀವಿಗಳು ಬಳಸುವ ಆಮ್ಲಜನಕ) ಲೀಟರಿಗೆ ಗರಿಷ್ಠ 3 ಮಿ.ಗ್ರಾಂ.

ಕಾಸರಗೋಡಿನ ದೇವಸ್ಥಾನದ ಕೆರೆಗಳಲ್ಲಿ ನಾನು ನೀರು ತೆಗೆಯುವುದು ಬೆಳಕು ಹರಿಯುವ ಮೊದಲು. ಹಸಿರುಗಟ್ಟಿದ ಕೆರೆ ಮಧ್ಯಾಹ್ನ ಧಾರಾಳ ಆಮ್ಲಜನಕ ತೋರಿಸುತ್ತದೆ. ಬಿಸಿಲಿಗೆ ಪಾಚಿ ಬಿಟ್ಟದ್ದು ಅದು. ರಾತ್ರಿಯಿಡೀ ಅದೇ ಪಾಚಿ ಅದನ್ನು ಹೀರುತ್ತದೆ. ಬಿಸಿಲು ಕೋಲಿಫಾರ್ಮನ್ನೂ ಕೊಲ್ಲುವುದರಿಂದ ಮಧ್ಯಾಹ್ನದ ನೀರು ಎರಡು ಬಗೆಯಲ್ಲೂ ಸುಳ್ಳು ಹೇಳುತ್ತದೆ. ಚಂದ್ರಗಿರಿ ಹೊಳೆಯ ಅಳಿವೆ ಕಡೆಗಾದರೆ ಇಳಿತದ ಹೊತ್ತೇ ಸರಿ, ಉಬ್ಬರದಲ್ಲಿ ಸಿಗುವುದು ಸಮುದ್ರ ಬೆರೆತ ನೀರು.

ಸೊಂಟದ ಮಟ್ಟದ ನೀರಿನಲ್ಲಿ ನಿಂತು, ಕ್ರಿಮಿಶುದ್ಧ ಬಾಟಲಿಯ ಬುಡ ಹಿಡಿದು, ಬಾಯಿ ಕೆಳಗೆ ಮಾಡಿ 30 ಸೆಂ.ಮೀ. ಮುಳುಗಿಸಿ, ಆಮೇಲೆ ತಿರುಗಿಸಬೇಕು. ಮೇಲೆ ಒಂದಿಂಚು ಖಾಲಿ ಇರಲಿ. ಉತ್ಸವಕ್ಕೆಂದು ಬ್ಲೀಚಿಂಗ್ ಪೌಡರ್ ಹಾಕಿದ್ದರೆ 125 ಮಿ.ಲೀ. ಬಾಟಲಿಗೆ ಮೊದಲೇ ಶೇ. 3ರ ಸೋಡಿಯಂ ಥಯೋಸಲ್ಫೇಟ್ 0.1 ಮಿ.ಲೀ. ಬೇಕು, ಇಲ್ಲವಾದರೆ ದಾರಿಯುದ್ದಕ್ಕೂ ಕ್ಲೋರಿನ್ ಬಾಟಲಿಯೊಳಗಿನ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತಲೇ ಇರುತ್ತದೆ. ಐಸ್ ಪೆಟ್ಟಿಗೆಯಲ್ಲಿಟ್ಟು ಆರು ಗಂಟೆಯೊಳಗೆ ಲ್ಯಾಬಿಗೆ. ಆಮ್ಲಜನಕ ಅಳೆಯುವ 300 ಮಿ.ಲೀ. ಬಾಟಲಿಯನ್ನು ಗುಳ್ಳೆ ಉಳಿಯದಂತೆ ತುಂಬಿ, ಆಮ್ಲಜನಕವನ್ನು ಹಿಡಿದಿಡಲು ಮ್ಯಾಂಗನೀಸ್ ಸಲ್ಫೇಟ್, ಕ್ಷಾರೀಯ ಅಯೋಡೈಡ್-ಅಜೈಡ್ ತಲಾ 1 ಮಿ.ಲೀ. ಅಲ್ಲೇ ಹಾಕುತ್ತೇನೆ. ಕಂದು ಗಸಿ ಬರಬೇಕು; ಬೆಳ್ಳಗೆ ಉಳಿದರೆ ಆಮ್ಲಜನಕವೇ ಇಲ್ಲ.

ಹೆಚ್ಚಿನವರು ಎಡವುವುದು ಎಂಪಿಎನ್ ನಳಿಕೆಗಳಲ್ಲಿ, ಅಂದರೆ ಎಷ್ಟು ನಳಿಕೆಯಲ್ಲಿ ಬ್ಯಾಕ್ಟೀರಿಯಾ ಬೆಳೆಯಿತೆಂದು ನೋಡಿ ಕೋಷ್ಟಕದಿಂದ ಸಂಖ್ಯೆ ಅಂದಾಜಿಸುವಲ್ಲಿ. 10, 1, 0.1 ಮಿ.ಲೀ.ಯಂತೆ ಐದೈದು ನಳಿಕೆ ಇಟ್ಟರೆ 5-5-4ಕ್ಕೆ (ಮೂರು ಗುಂಪಿನಲ್ಲಿ ಬೆಳವಣಿಗೆ ಕಂಡ ನಳಿಕೆಗಳ ಲೆಕ್ಕ) ಕೋಷ್ಟಕ 1600 ಹೇಳುತ್ತದೆ. 5-5-5 ಬಂದರೆ 'ಅದಕ್ಕಿಂತ ಹೆಚ್ಚು' ಎಂದಷ್ಟೇ. 2500ರ ಗೆರೆ ಅದರಾಚೆಗಿದೆ, ದರ್ಜೆ ಹಾಕುವುದು ಹೇಗೆ? ಸಂಶಯದ ಕೆರೆಗೆ 1, 0.1, 0.01ರಿಂದ ಶುರುಮಾಡಿ ಉತ್ತರವನ್ನು ಹತ್ತರಿಂದ ಗುಣಿಸುತ್ತೇನೆ: 5-3-1ಕ್ಕೆ 110, ಅಂದರೆ 1100. ಒಳ್ಳೆಯದಲ್ಲ, ಆದರೆ ಮಿತಿಯೊಳಗೆ. ಮಲಜನ್ಯದ ಖಾತ್ರಿಗೆ ಇ.ಸಿ. ಎಂಬ ಪೋಷಕ ದ್ರಾವಣದಲ್ಲಿ 44.5 ಡಿಗ್ರಿ ಸೆಲ್ಸಿಯಸ್, 24 ಗಂಟೆ. ವಾಟರ್ ಬಾತ್ ಒಂದು ಡಿಗ್ರಿ ಆಚೀಚೆಯಾದರೂ ಲೆಕ್ಕ ಕೆಡುತ್ತದೆ.

ಮುರಕಲ್ಲಿನ ಒರತೆಯ ನೀರು ಸ್ವಭಾವತಃ ಹುಳಿ. ಪಿಎಚ್ 6 ಬಂತೆಂದು ಕೊಳಚೆಯನ್ನು ಹುಡುಕಹೋಗುವುದು ವ್ಯರ್ಥ. ಉಳಿದ ನಾಲ್ಕೂ ಸರಿಯಿದ್ದರೆ ವರದಿಯಲ್ಲಿ ಕಾರಣ ಬರೆದುಬಿಡುತ್ತೇನೆ.

ಮಿದುಳು ತಿನ್ನುವ ಅಮೀಬಾದ ಬಗ್ಗೆ ಈ ಐದರಲ್ಲಿ ಯಾವುದೂ ಏನೂ ಹೇಳುವುದಿಲ್ಲ. ಕೋಲಿಫಾರ್ಮ್ ಸೊನ್ನೆಯಿದ್ದರೂ ಬೆಚ್ಚಗಿನ ನಿಂತ ನೀರಿನಲ್ಲಿ ಅದಿರಬಹುದು, ಒಳಹೋಗುವುದು ಮೂಗಿನಿಂದ. ಆದ್ದರಿಂದ ಬೇಸಿಗೆಯ ವರದಿಯಲ್ಲಿ ದರ್ಜೆಯ ಕೆಳಗೇ 'ತಲೆ ಮುಳುಗಿಸಬೇಡಿ' ಎಂಬ ಸಾಲು ಸೇರಿಸುತ್ತೇನೆ.