ಆರ್ಗಾನ್ ಲೇಸರಿಗೆ 16 ಆಂಪ್ ಸಾಕೆಟ್ ಸಾಕು: ನನ್ನ ಅನುಭವ

ಏರ್‌ಕೂಲ್ಡ್ ಆರ್ಗಾನ್ ಟ್ಯೂಬಿಗೆ ಮನೆಯ 230 ವೋಲ್ಟ್, 16 ಆಂಪ್ ಸಾಕೆಟ್ ತಡೆಯಲ್ಲ, ಬೇರೆ ಲೈನ್ ಎಳೀಲೇಬೇಕು ಅಂದವರೇ ಹೆಚ್ಚು. ನನ್ನದು ಅದೇ ಸಾಕೆಟ್‌ನಲ್ಲಿ ಗಂಟೆಗಟ್ಟಲೆ ಓಡುತ್ತಿದೆ. (ನೀರು ಹರಿಸುವ ದೊಡ್ಡ ಟ್ಯೂಬಿನ ಮಾತು ಬೇರೆ, ಅದಕ್ಕೆ ಮೂರು ಫೇಸ್ ಬೇಕು.)

ಟ್ಯೂಬಿಗೆ ಹೋಗೋದು ಸುಮಾರು 105 ವೋಲ್ಟ್ ಡಿಸಿ, 8 ಆಂಪ್. 2 ಕೆವಿಎ ಐಸೊಲೇಷನ್ ಟ್ರಾನ್ಸ್‌ಫಾರ್ಮರಿನಿಂದ 115 ವೋಲ್ಟ್ ತೆಗೆದು, ಬ್ರಿಜ್ (ಎಸಿಯನ್ನು ಡಿಸಿ ಮಾಡುವ ಡಯೋಡ್ ಜೋಡಣೆ), 10,000 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದೆ. ಖಾಲಿ ಇದ್ದಾಗ 160 ವೋಲ್ಟ್, ಲೋಡ್ ಬಿದ್ದರೆ 145. ಉಳಿದ 40 ವೋಲ್ಟ್ ಪಾಸ್‌ಬ್ಯಾಂಕ್ (ಟ್ಯೂಬಿನ ಕರೆಂಟ್ ಹಿಡಿತದಲ್ಲಿಡುವ ಟ್ರಾನ್ಸಿಸ್ಟರ್ ಸಾಲು) ಮೇಲೆ ಕೂತು 320 ವ್ಯಾಟ್ ಶಾಖ. ಎರಡು ಸಲ ಇಡೀ ಸಾಲು ಟ್ರಾನ್ಸಿಸ್ಟರ್ ಸುಟ್ಟು ಹೋದವು. ಸರಣಿಯಲ್ಲಿ 3 ಓಮ್‌ನ ದಪ್ಪ ರೆಸಿಸ್ಟರ್ ಹಾಕಿದ ಮೇಲೆ 190 ವ್ಯಾಟ್ ಅದು ತಿನ್ನುತ್ತದೆ, ಟ್ರಾನ್ಸಿಸ್ಟರುಗಳಿಗೆ 130ರ ಹತ್ತಿರ ಉಳಿಯುತ್ತದೆ. ಅಲ್ಲಿಂದೀಚೆಗೆ ಒಂದೂ ಹೋಗಿಲ್ಲ.

ಎಂಸಿಬಿ ಬೀಳೋದು ಓಡುವಾಗಲ್ಲ, ಸ್ವಿಚ್ ಹಾಕಿದ ಕ್ಷಣ. ಟೊರಾಯ್ಡ್ (ಬಳೆ ಆಕಾರದ ಆ ಟ್ರಾನ್ಸ್‌ಫಾರ್ಮರ್) ಎಳೆಯೋ ಮೊದಲ ಹೊಡೆತ ಅದು. ಪ್ರೈಮರಿಗೆ (230 ವೋಲ್ಟ್ ಕಡೆಗೆ) 22 ಓಮ್ ರೆಸಿಸ್ಟರ್ ಸೇರಿಸಿ, ಒಂದು ಸೆಕೆಂಡ್ ಆದ ಮೇಲೆ ರಿಲೇ ಅದನ್ನು ಬೈಪಾಸ್ ಮಾಡೋ ಹಾಗೆ ಇಟ್ಟೆ. ಓಡುವಾಗ ಟ್ರೂ ಆರ್‌ಎಂಎಸ್ (ಅಲೆ ಯಾವ ಆಕಾರದ್ದಾದರೂ ಸರಿಯಾಗಿ ಅಳೆಯುವ) ಕ್ಲ್ಯಾಂಪ್ ಮೀಟರ್ 9 ಆಂಪ್ ತೋರಿಸಿತು. ವ್ಯಾಟ್ ಲೆಕ್ಕದಲ್ಲಿ ಆರೇ ಬರಬೇಕು. ಕೆಪಾಸಿಟರ್ ಅಲೆಯ ತುದಿಯಲ್ಲಷ್ಟೇ ಕರೆಂಟ್ ಎಳೆಯುತ್ತದಲ್ಲ, ಹಾಗಾಗಿ. ಅದನ್ನು ತಗ್ಗಿಸಲು ದೊಡ್ಡ ಚೋಕ್ (ಕರೆಂಟಿನ ಏರಿಳಿತ ತಡೆಯುವ ಸುರುಳಿ) ಹಾಕಿ ನೋಡಿದೆ: ಟ್ಯೂಬ್ ಹತ್ತಿಕೊಂಡು ತಕ್ಷಣ ಆರಿತು, ಲೋಡ್‌ನಲ್ಲಿ 103 ವೋಲ್ಟಿಗೆ ಇಳಿದಿತ್ತು. ಚಿಕ್ಕ ಚೋಕ್‌ನಲ್ಲಿ ಏಳೂವರೆ ಆಂಪಿಗೆ ಬಂತು. ಅದರ ಸುತ್ತುಗಳ ಲೆಕ್ಕ ಸದ್ಯಕ್ಕೆ ನನ್ನಲ್ಲೇ ಇರಲಿ.

ಹೆಚ್ಚು ದುಡ್ಡು ತಿಂದದ್ದು ಫಿಲಮೆಂಟ್, ಅಂದರೆ ಟ್ಯೂಬಿನ ಕಾಯುವ ಕ್ಯಾಥೋಡ್. ನನ್ನ ಟ್ಯೂಬಿಗೆ 3 ವೋಲ್ಟ್, 20 ಆಂಪ್. ಟ್ರಾನ್ಸ್‌ಫಾರ್ಮರ್ ಕಾಲಲ್ಲಿ ಸರಿಯಾಗಿ 3.0 ಇತ್ತು, ಟ್ಯೂಬಿನ ಪಿನ್ನಲ್ಲಿ 2.7. ಹೋಗಿಬರುವ ಎರಡು ಮೀಟರ್ 2.5 ಚದರ ಮಿಮೀ ವೈರು 0.3 ವೋಲ್ಟ್ ನುಂಗಿತ್ತು. ಕ್ಯಾಥೋಡ್ ಸಾಕಷ್ಟು ಕಾಯದಿದ್ದರೆ ಡಿಸ್ಚಾರ್ಜ್ (ಅನಿಲದಲ್ಲಿ ಹರಿಯುವ ಕರೆಂಟ್) ಅದನ್ನೇ ಕೆರೆಯುತ್ತದೆ. ಒಂದು ಒಳ್ಳೆ ಟ್ಯೂಬ್ ಹಾಗೇ ಹಾಳಾಯಿತು. 10 ಚದರ ಮಿಮೀ ಹಾಕಿ, ಲೋಡ್‌ನಲ್ಲಿ, ಪಿನ್ನಲ್ಲೇ ಅಳೆಯಿರಿ. ಇಗ್ನೈಟರ್ (ಟ್ಯೂಬ್ ಹತ್ತಿಸುವ ಹೈ ವೋಲ್ಟೇಜ್ ಕಿಡಿ) ಒತ್ತುವ ಮೊದಲು ಒಂದು ನಿಮಿಷ ಕಾಯಿಸಿ.

ಆರಿಸಿದ ಮೇಲೆ ಫ್ಯಾನ್ ಐದು ನಿಮಿಷ ತಿರುಗಲಿ. ಕೆಪಾಸಿಟರಿಗೆ ಬ್ಲೀಡರ್ (ಅದನ್ನು ಖಾಲಿ ಮಾಡುವ ರೆಸಿಸ್ಟರ್) ಇಲ್ಲದೆ ಡಬ್ಬಿಗೆ ಕೈ ಹಾಕಬೇಡಿ, ಅದರಲ್ಲಿ 128 ಜೂಲ್ ಕೂತಿರುತ್ತದೆ.