ಹಸಿರು ಹಕ್ಕಿಯೊಳಗೆ ಅಡಗಿದ ಹಳದಿ: ಲವ್‌ಬರ್ಡ್ಸ್‌ನಲ್ಲಿ ಬೇಕಾದ ಬಣ್ಣ ತೆಗೆಯುವುದು ಹೇಗೆ?

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ನಮ್ಮ ಅಂಗಡಿಗಳಲ್ಲಿ ‘ಲವ್‌ಬರ್ಡ್ಸ್’ ಅಂತ ಅಗ್ಗಕ್ಕೆ ಸಿಗುವ, ಉದ್ದ ಬಾಲದ, ತಲೆ ಬೆನ್ನಿನ ಮೇಲೆಲ್ಲ ಗೆರೆಗೆರೆ ಇರುವ ಹಕ್ಕಿ ಲವ್‌ಬರ್ಡ್ ಅಲ್ಲ. ಅದು ಬಡ್ಜಿ, ಆಸ್ಟ್ರೇಲಿಯಾದ್ದು. ನಿಜವಾದ ಲವ್‌ಬರ್ಡ್ ಆಫ್ರಿಕಾದ್ದು. ಮೋಟು ಬಾಲ, ಗುಂಡು ಮೈ, ದಪ್ಪ ಕೊಕ್ಕು, ಹೆಸರಿಗೆ ತಕ್ಕಂತೆ ಪ್ರೀತಿ ಇದ್ದರೂ ಜಗಳ ಮಾತ್ರ ಜಾಸ್ತಿ. ಈ ಲೇಖನ ಇವುಗಳ ಬಗ್ಗೆ.

ನಾನು ಶುರು ಮಾಡಿದ್ದು ಮೋಸ ಹೋಗಿ. ಊರಾಚೆಯ ಒಬ್ಬರ ಹತ್ತಿರ ಒಂದು ಹಸಿರು ಜೋಡಿ ತಂದೆ. ‘ಎರಡೂ ಸ್ಪ್ಲಿಟ್ ಲುಟಿನೊ (ಮೈ ಹಸಿರು, ಒಳಗೆ ಅಡಗಿದ ಹಳದಿ), ಹಳದಿ ಮರಿ ಗ್ಯಾರಂಟಿ’ ಅಂದರು, ಅದಕ್ಕೆ ಮಾಮೂಲಿ ಬೆಲೆಗಿಂತ ಜಾಸ್ತಿ ತೆಗೆದುಕೊಂಡರು. ಒಂದು ತಿಂಗಳಿಗೆ ಮೊಟ್ಟೆಯಿಡಲು ಕೊಟ್ಟ ಪೆಟ್ಟಿಗೆಯಲ್ಲಿ ಒಂಬತ್ತು ಮೊಟ್ಟೆ! ಮನೆಯವರಿಗೆಲ್ಲ ತೋರಿಸಿ ಕುಣಿದಾಡಿದೆ. ಒಂದೂ ಮರಿಯಾಗಲಿಲ್ಲ. ಎರಡೂ ಹೆಣ್ಣು. ಮಾರಿದವರ ಮಾತಿನಲ್ಲಿ ಇನ್ನೊಂದು ಸುಳ್ಳೂ ಇತ್ತು, ಅದು ಗೊತ್ತಾಗಲು ನನಗೆ ಒಂದು ವರ್ಷ ಬೇಕಾಯಿತು. ಮುಂದೆ ಹೇಳುತ್ತೇನೆ.

ಹಕ್ಕಿಗಿಂತ ಮೊದಲು ಪುಸ್ತಕ

ಒಂದು ನೋಟ್‌ಬುಕ್ ತನ್ನಿ. ಕಾಫಿ ಕೊಯ್ಲಿನ ಲೆಕ್ಕ ಬರೆಯುವಂಥದ್ದೇ ಸಾಕು. ಪ್ರತಿ ಹಕ್ಕಿಗೂ ಒಂದು ಪುಟ: ಅಪ್ಪ ಯಾರು, ಅಮ್ಮ ಯಾರು, ಎಷ್ಟು ಮೊಟ್ಟೆ, ಯಾವ ಬಣ್ಣದ ಮರಿ. ಮರಿಗೆ ಎಂಟು–ಹತ್ತು ದಿನ ಆದಾಗ ಕಾಲಿಗೆ ನಂಬರ್ ಇರುವ ರಿಂಗ್ ಹಾಕಿ, ಆಮೇಲೆ ಪಾದ ಬೆಳೆದುಬಿಟ್ಟರೆ ರಿಂಗ್ ಹೋಗುವುದಿಲ್ಲ. ಈ ಕೆಲಸದಲ್ಲಿ ಅರ್ಧ ಬಣ್ಣ ಕಣ್ಣಿಗೆ ಕಾಣುವುದೇ ಇಲ್ಲ, ಪುಸ್ತಕದಲ್ಲಿ ಮಾತ್ರ ಕಾಣುತ್ತದೆ.

ನಂತರ ಜಾತಿ ಆರಿಸಿ. ಹೊಸಬರಿಗೆ ನಾನು ಹೇಳುವುದು ಪೀಚ್ ಫೇಸ್. ಕಣ್ಣಿನ ಸುತ್ತ ಬಿಳಿ ಉಂಗುರ ಇಲ್ಲದ, ಕೆಂಪು ಮುಖದ ಹಕ್ಕಿ. ಫಿಶರ್, ಮಾಸ್ಕ್ಡ್ ಅನ್ನುವವು ಬಿಳಿ ಉಂಗುರದವು. ಉಂಗುರದ್ದನ್ನೂ ಇಲ್ಲದ್ದನ್ನೂ ಜೋಡಿ ಮಾಡಬೇಡಿ, ಹುಟ್ಟುವ ಮರಿಗಳಿಂದ ಮುಂದಕ್ಕೆ ಸಂತಾನ ಆಗುವುದಿಲ್ಲ. ಕಾನೂನಿನ ಮಾತೂ ಇದೆ. ಪೀಚ್ ಫೇಸ್ ಒಂದನ್ನು ಬಿಟ್ಟು ಉಳಿದ ಲವ್‌ಬರ್ಡ್‌ಗಳೆಲ್ಲ ಸೈಟಿಸ್ (ಕಾಡುಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರದ) ಒಪ್ಪಂದದ ಎರಡನೇ ಪಟ್ಟಿಯಲ್ಲಿವೆ. ಅಂಥವನ್ನು ಸಾಕುವವರು 2024ರ ನಿಯಮದ ಪ್ರಕಾರ ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು, ಮರಿ ಹುಟ್ಟಿದರೂ ತಿಳಿಸಬೇಕು. ನಮ್ಮ ತೋಟದ ಗಿಳಿಯನ್ನಂತೂ ಗೂಡಲ್ಲಿ ಇಡುವುದೇ ಅಪರಾಧ.

ಗಂಡು ಹೆಣ್ಣು ನೋಡಿ ಹೇಳಲಾಗದು, ಎರಡೂ ಒಂದೇ ಥರ. ಒಂದೆರಡು ಗರಿ ಕಿತ್ತು ಡಿಎನ್‌ಎ ಪರೀಕ್ಷೆಗೆ ಕಳಿಸಿ. ‘ನಂಗೆ ನೋಡಿದ್ರೆ ಗೊತ್ತಾಗುತ್ತೆ’ ಅನ್ನುವವರನ್ನು ನಂಬಿ ನಾನು ಒಂಬತ್ತು ಮೊಟ್ಟೆ ಎಣಿಸಿದ್ದು.

ಬಣ್ಣದ ಲೆಕ್ಕ

ಲವ್‌ಬರ್ಡ್‌ನ ಹಸಿರು ನಿಜವಾಗಿ ಹಸಿರು ಬಣ್ಣ ಅಲ್ಲ. ಗರಿಯಲ್ಲಿ ಹಳದಿ ಬಣ್ಣ ಇರುತ್ತದೆ, ಒಳಗೆ ಕಪ್ಪು ಬಣ್ಣ ಇರುತ್ತದೆ. ಆ ಕಪ್ಪಿನ ಮುಂದೆ ಗರಿಯ ರಚನೆ ಬೆಳಕನ್ನು ಒಡೆದು ನೀಲಿ ಕಾಣಿಸುತ್ತದೆ. ನೀಲಿ, ಹಳದಿ ಸೇರಿ ನಮ್ಮ ಕಣ್ಣಿಗೆ ಹಸಿರು. ಕಪ್ಪು ಹೋದರೆ ನೀಲಿಯೂ ಹೋಗಿ ಹಳದಿ ಮೈ, ಕೆಂಪು ಕಣ್ಣು ಉಳಿಯುತ್ತದೆ. ಅದೇ ಲುಟಿನೊ. ಹಳದಿ ಹೋದರೆ ನೀಲಿ. ಪೀಚ್ ಫೇಸ್‌ನಲ್ಲಿ ಹಳದಿ ಪೂರ್ತಿ ಹೋಗುವುದು ಅಪರೂಪ, ಅಂಗಡಿಯಲ್ಲಿ ‘ಬ್ಲೂ’ ಅಂತ ಮಾರುವುದು ಹೆಚ್ಚಾಗಿ ಸ್ವಲ್ಪ ಹಳದಿ ಉಳಿದ ಆಕ್ವಾ ಅಥವಾ ಟರ್ಕಾಯ್ಸ್.

ಆಕ್ವಾ ಅಡಗುವ ಬಣ್ಣ. ಅಪ್ಪನಿಂದ ಒಂದು, ಅಮ್ಮನಿಂದ ಒಂದು, ಎರಡೂ ಬಂದರೆ ಮಾತ್ರ ಕಾಣುತ್ತದೆ. ಒಂದೇ ಬಂದರೆ ಹಕ್ಕಿ ಹಸಿರಾಗಿಯೇ ಇದ್ದು ಒಳಗೆ ಹೊತ್ತುಕೊಂಡಿರುತ್ತದೆ, ಅದಕ್ಕೇ ‘ಸ್ಪ್ಲಿಟ್’ ಅನ್ನುವುದು. ಆಕ್ವಾಗೆ ಅಪ್ಪಟ ಹಸಿರು ಹಾಕಿದರೆ ಮರಿ ಎಲ್ಲ ಹಸಿರು, ಎಲ್ಲ ಸ್ಪ್ಲಿಟ್. ಸ್ಪ್ಲಿಟ್‌ಗೆ ಸ್ಪ್ಲಿಟ್ ಹಾಕಿದರೆ ನಾಲ್ಕಕ್ಕೆ ಒಂದು ಆಕ್ವಾ.

ಲುಟಿನೊ ಬೇರೆ ದಾರಿ ಹಿಡಿಯುತ್ತದೆ, ನನಗೆ ಇದೇ ಹೆಚ್ಚು ಇಷ್ಟ. ಪೀಚ್ ಫೇಸ್‌ನಲ್ಲಿ ಈ ಬಣ್ಣ ಲಿಂಗದ ಕ್ರೋಮೋಸೋಮ್ ಮೇಲೆ ಕೂತಿದೆ. ಗಂಡಿನ ಅಂಗಿಗೆ ಎರಡು ಜೇಬು, ಹೆಣ್ಣಿನದಕ್ಕೆ ಒಂದೇ ಜೇಬು ಅಂದುಕೊಳ್ಳಿ (ಹಕ್ಕಿಗಳಲ್ಲಿ ಹೀಗೆ, ನಮ್ಮಲ್ಲಿ ಉಲ್ಟಾ). ಗಂಡು ಒಂದು ಜೇಬಿನಲ್ಲಿ ಲುಟಿನೊ ಬಚ್ಚಿಟ್ಟುಕೊಂಡು ಇನ್ನೊಂದರಲ್ಲಿ ಹಸಿರು ತೋರಿಸಬಹುದು. ಹೆಣ್ಣಿಗೆ ಬಚ್ಚಿಡಲು ಜಾಗವೇ ಇಲ್ಲ, ಅದರ ಹತ್ತಿರ ಇದ್ದರೆ ಅದು ಹಳದಿಯಾಗಿಯೇ ಕಾಣಬೇಕು. ಈಗ ಗೊತ್ತಾಯಿತಲ್ವಾ? ‘ಸ್ಪ್ಲಿಟ್ ಲುಟಿನೊ ಹೆಣ್ಣು’ ಅನ್ನುವ ಹಕ್ಕಿಯೇ ಪೀಚ್ ಫೇಸ್‌ನಲ್ಲಿ ಇಲ್ಲ. ನಾನು ಎರಡು ತಂದಿದ್ದೆ.

ಆದ್ದರಿಂದ ಶುರುವಿಗೆ ಲುಟಿನೊ ಗಂಡು, ಹಸಿರು ಹೆಣ್ಣು ಹಾಕಿ. ಹೆಣ್ಣುಮರಿಯ ಒಂದೇ ಜೇಬು ತುಂಬುವುದು ಅಪ್ಪನಿಂದ, ಹಾಗಾಗಿ ಹೆಣ್ಣುಮರಿ ಎಲ್ಲ ಹಳದಿ, ಗಂಡುಮರಿ ಎಲ್ಲ ಹಸಿರು ಸ್ಪ್ಲಿಟ್. ಹುಟ್ಟಿದ ಕೆಲವೇ ದಿನದಲ್ಲಿ ಮುಚ್ಚಿದ ರೆಪ್ಪೆಯೊಳಗೆ ಕಣ್ಣು ಕೆಂಪಾಗಿ ಕಂಡರೆ ಅದು ಹೆಣ್ಣು, ಕಪ್ಪಾಗಿ ಕಂಡರೆ ಗಂಡು. ಡಿಎನ್‌ಎ ಖರ್ಚೇ ಇಲ್ಲ. ಇದನ್ನೇ ತಿರುಗಿಸಿ ಅಪ್ಪಟ ಹಸಿರು ಗಂಡಿಗೆ ಲುಟಿನೊ ಹೆಣ್ಣು ಹಾಕಿದಿರೋ, ಒಂದೂ ಹಳದಿ ಮರಿ ಬರುವುದಿಲ್ಲ.

ಎರಡು ಬಣ್ಣ ಒಂದೇ ಹಕ್ಕಿಗೆ

ಲುಟಿನೊ, ಆಕ್ವಾ ಎರಡೂ ಒಂದೇ ಮೈಯಲ್ಲಿ ಕೂಡಿದರೆ ಹಾಲಿನ ಕೆನೆಯಂಥ ಕ್ರೀಮಿನೊ. ಇದಕ್ಕೆ ಎರಡು ಸೀಸನ್ ಬೇಕು. ಮೊದಲ ವರ್ಷ ಒಂದಕ್ಕೊಂದು ಸಂಬಂಧ ಇಲ್ಲದ ಎರಡು ಜೋಡಿ ಇಡಿ, ಎರಡರಲ್ಲೂ ಲುಟಿನೊ ಗಂಡು, ಆಕ್ವಾ ಹೆಣ್ಣು. ಗಂಡುಮರಿ ಹಸಿರು, ಒಳಗೆ ಎರಡೂ ಬಣ್ಣ. ಹೆಣ್ಣುಮರಿ ಲುಟಿನೊ, ಒಳಗೆ ಆಕ್ವಾ. ಮರುವರ್ಷ ಒಂದನೇ ಮನೆಯ ಗಂಡಿಗೆ ಎರಡನೇ ಮನೆಯ ಹೆಣ್ಣು ಕೊಡಿ. ಅಣ್ಣ ತಂಗಿಯನ್ನು ಜೋಡಿ ಮಾಡುವ ಆಸೆ ಬೇಡ. ಆಕ್ವಾ ಬರುವುದು ನಾಲ್ಕಕ್ಕೆ ಒಂದು, ಲುಟಿನೊ ಎರಡಕ್ಕೆ ಒಂದು, ಎರಡೂ ಸೇರುವುದು ಎಂಟಕ್ಕೆ ಒಂದು. ಎಂಟು ಮರಿಯಾದರೆ ಒಂದು ಬಂದೇ ಬರುತ್ತದೆ ಅಂತಲ್ಲ. ಪ್ರತಿ ಮೊಟ್ಟೆಗೂ ಬೇರೆ ಬೇರೆ ಚೀಟಿ ಎತ್ತಿದ ಹಾಗೆ. ನನಗೆ ಹನ್ನೊಂದನೆಯ ಮರಿ ಕ್ರೀಮಿನೊ ಬಂತು.

ಲುಟಿನೊಗೆ ಲುಟಿನೊ, ಮತ್ತೆ ಲುಟಿನೊ ಅಂತ ಹಾಕುತ್ತಾ ಹೋಗಬೇಡಿ. ಗಾತ್ರ ಇಳಿಯುತ್ತದೆ, ಗರಿ ಸೊರಗುತ್ತದೆ. ಎರಡು ಮೂರು ತಲೆಮಾರಿಗೊಮ್ಮೆ ಒಳ್ಳೆ ಮೈಕಟ್ಟಿನ ಹಸಿರಿಗೆ ಹಿಂತಿರುಗಿ.

ಕೊಡಗಿನ ಮಳೆ, ಹಕ್ಕಿಯ ಮರಿ

ಹೊರಗಿನವರು ಹೇಳುವ ಕಾಲ ನಮಗೆ ಹೊಂದುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಪೆಟ್ಟಿಗೆ ಇಡಲೇಬೇಡಿ. ಭಾಗಮಂಡಲ, ನಾಪೋಕ್ಲು ಕಡೆ ಬಟ್ಟೆಯೇ ಒಣಗುವುದಿಲ್ಲ, ಕಾಳಿಗೆ ಬೂಷ್ಟು ಹಿಡಿಯುತ್ತದೆ, ಆ ಬೂಷ್ಟು ಹಕ್ಕಿಯ ಶ್ವಾಸಕೋಶಕ್ಕೆ ಹೋದರೆ ಉಳಿಯುವುದು ಕಷ್ಟ. ಮಳೆ ಕಡಿಮೆ ಇರುವ ಕುಶಾಲನಗರದವರು ಸ್ವಲ್ಪ ಪುಣ್ಯವಂತರು. ಅಕ್ಟೋಬರ್ ಮಧ್ಯದ ಕಾವೇರಿ ಸಂಕ್ರಮಣ ಕಳೆದ ಮೇಲೆ ಪೆಟ್ಟಿಗೆ ಇಟ್ಟರೆ ನಮ್ಮ ಸುಗ್ಗಿ ಹಬ್ಬ ಹುತ್ತರಿ (ನವೆಂಬರ್–ಡಿಸೆಂಬರ್) ಹೊತ್ತಿಗೆ ಮೊದಲ ಮರಿಗಳು ಕಾಣುತ್ತವೆ. ಕಾಫಿ ಹೂ ಅರಳಿಸುವ ಹೂಮಳೆ (ಮಾರ್ಚ್–ಏಪ್ರಿಲ್) ಬೀಳುವ ಹೊತ್ತಿಗೆ ಎರಡನೇ ಸಲ ಮುಗಿಸಿ ಪೆಟ್ಟಿಗೆ ತೆಗೆದುಬಿಡಿ. ವರ್ಷಕ್ಕೆ ಎರಡು ಸಲ ಸಾಕು. ಒಂದು ವರ್ಷ ತುಂಬದ ಹಕ್ಕಿಗೆ ಪೆಟ್ಟಿಗೆ ಕೊಡಬೇಡಿ.

ಚಳಿಗೆ ಅಂತ ನನ್ನ ಅಜ್ಜಿ ಒಂದು ದಿನ ಗೂಡನ್ನು ಒಲೆ ಪಕ್ಕ ತಂದಿಟ್ಟಿದ್ದರು. ‘ಅಲ್ಲಿ ಬೆಚ್ಚಗಿರುತ್ತವೆ ಮಗ’ ಅಂದರು. ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ಎಲ್ಲವೂ ಒಣಗುವುದು ಅಲ್ಲೇ ತಾನೇ. ಆದರೆ ಹೊಗೆ ಹಕ್ಕಿಗೆ ವಿಷ. ನಾನ್‌ಸ್ಟಿಕ್ ಬಾಣಲೆ ಅತಿಯಾಗಿ ಕಾದಾಗ ಬರುವ ಆವಿ ಇನ್ನೂ ಅಪಾಯ, ನಿಮಿಷಗಳಲ್ಲಿ ಸಾಯುತ್ತವೆ.

ಒಂದು ಜೋಡಿಗೆ ಎರಡು ಅಡಿ ಉದ್ದ, ಒಂದೂವರೆ ಅಡಿ ಅಗಲ ಎತ್ತರದ ಗೂಡು. ಒಳಗೆ ಮರದ ಪೆಟ್ಟಿಗೆ, ಎರಡು ಇಂಚಿನ ತೂತು. ಒಂದು ಗೂಡಿಗೆ ಒಂದೇ ಜೋಡಿ. ಎರಡು ಜೋಡಿ ಸೇರಿಸಿದರೆ ಒಂದರ ಕಾಲು ಇನ್ನೊಂದರ ಕೊಕ್ಕಿನಲ್ಲಿ. ಹಸಿ ತೆಂಗಿನ ಗರಿ ಕೊಡಿ. ಪೀಚ್ ಫೇಸ್ ಹೆಣ್ಣು ಅದನ್ನು ಉದ್ದುದ್ದ ಸೀಳಿ, ಸೊಂಟದ ಗರಿಯೊಳಗೆ ಸಿಕ್ಕಿಸಿಕೊಂಡು ಪೆಟ್ಟಿಗೆಗೆ ಹೋಗುವುದನ್ನು ನೋಡುತ್ತಾ ಕೂತರೆ ಅರ್ಧ ದಿನ ಹೋಗುತ್ತದೆ. ಕೂರಲು ಔಷಧ ಹೊಡೆಯದ ಕಾಫಿ ಕೊಂಬೆ ಒಳ್ಳೆಯದು, ಎಲೆ ಹಣ್ಣು ತೆಗೆದು ಇಡಿ. ಕೇರೆಹಾವು ಬರುತ್ತದೆ, ಸಣ್ಣ ಕಣ್ಣಿನ ಜಾಲರಿ ಹೊಡೆಸಿ.

ಊಟಕ್ಕೆ ನವಣೆ, ನೆನೆಸಿದ ರಾಗಿ, ಸೊಪ್ಪು, ಮರಿ ಇರುವಾಗ ಬೇಯಿಸಿದ ಮೊಟ್ಟೆ, ಸುಣ್ಣದಂಶಕ್ಕೆ ಕಟಲ್ ಬೋನ್ (ಅಂಗಡಿಯಲ್ಲಿ ಸಿಗುವ ಕಡಲಜೀವಿಯ ಚಿಪ್ಪು). ಸೂರ್ಯಕಾಂತಿ ಬೀಜ ಕಡಿಮೆ ಇರಲಿ. ನಮ್ಮ ತೋಟದಲ್ಲಿ ಧಾರಾಳ ಸಿಗುವ ಬೆಣ್ಣೆಹಣ್ಣು ಮಾತ್ರ ಒಂದು ಚೂರೂ ಬೇಡ, ಇವಕ್ಕೆ ಅದು ವಿಷ.

ನಾಲ್ಕರಿಂದ ಆರು ಮೊಟ್ಟೆ, ದಿನ ಬಿಟ್ಟು ದಿನ. ವಾರ ಕಾವು ಕೊಟ್ಟ ಮೇಲೆ ಮೊಬೈಲ್ ಟಾರ್ಚ್ ಹಿಡಿದು ನೋಡಿ, ಕೆಂಪು ನರ ಕಂಡರೆ ಜೀವ ಇದೆ. 23 ದಿನದ ಸುಮಾರಿಗೆ ಮರಿ. ಆರು ವಾರಕ್ಕೆ ಹೊರಗೆ ಬರುತ್ತವೆ, ಇನ್ನೆರಡು ವಾರ ಅಪ್ಪನೇ ತಿನ್ನಿಸುತ್ತಾನೆ. ಅಲ್ಲಿಯ ತನಕ ಬೇರೆ ಮಾಡಬೇಡಿ.

ಕೊನೆಗೆ ಮಾರುವಾಗ. ಆಕ್ವಾ ಸ್ಪ್ಲಿಟ್‌ಗೆ ಸ್ಪ್ಲಿಟ್ ಹಾಕಿ ಬಂದ ಹಸಿರು ಮರಿಗಳಲ್ಲಿ ಮೂರಕ್ಕೆ ಎರಡು ಸ್ಪ್ಲಿಟ್, ಒಂದು ಅಪ್ಪಟ ಹಸಿರು. ಯಾವುದು ಯಾವುದು ಅಂತ ಹೊರಗಿನಿಂದ ನೋಡಿ ಯಾರೂ ಹೇಳಲಾರರು. ಆಕ್ವಾ ಹಕ್ಕಿಯ ಜೊತೆ ಹಾಕಿ ಮರಿ ತೆಗೆದು ನೋಡಬೇಕು. ಅಷ್ಟು ಕಾಯದೆ ಕೊಡುವುದಾದರೆ ಚೀಟಿಯಲ್ಲಿ ‘ಸ್ಪ್ಲಿಟ್ ಇರಬಹುದು’ ಅಂತ ಬರೆದು, ಅಪ್ಪ ಅಮ್ಮನ ರಿಂಗ್ ನಂಬರ್ ಹಾಕಿ, ಹಸಿರಿನ ಬೆಲೆಗೇ ಕೊಡಿ.