ಮಗಳ ಎಕ್ಸಿಮಾ, ಹಾಲಿನ ಅಲರ್ಜಿ: ಎರಡನ್ನೂ ಬೇರೆ ಬೇರೆಯಾಗಿ ನೋಡಿಕೊಂಡಿದ್ದು

ಎಕ್ಸಿಮಾ, ಅಂದರೆ ಚರ್ಮ ಒಣಗಿ ಒರಟಾಗಿ ಕೆರೆತ ಬರುವ ಕಾಯಿಲೆ ಇರುವ ಮಗುವಿನ ಮನೆಯಲ್ಲಿ ಎಲ್ಲಕ್ಕಿಂತ ಮೊದಲು ಹೋಗುವುದು ನಿದ್ದೆ. ನನ್ನ ಮಗಳಿಗೆ ಮೂರು ತಿಂಗಳು ತುಂಬುವ ಮೊದಲೇ ಕೆನ್ನೆ ಒರಟಾಗತೊಡಗಿತು. ಐದನೇ ತಿಂಗಳ ಹೊತ್ತಿಗೆ ತಲೆ, ಕಿವಿಯ ಹಿಂದೆ, ಹೊಟ್ಟೆ, ಕೈಕಾಲಿನ ಹೊರಬದಿ, ಎಲ್ಲ ಕಡೆ ಹರಡಿತ್ತು. ಡೈಪರ್ ಕಟ್ಟುವ ಜಾಗ ಮಾತ್ರ ನುಣ್ಣಗೆ ಉಳಿದಿತ್ತು. ರಾತ್ರಿಯಿಡೀ ತಲೆಯನ್ನು ದಿಂಬಿಗೆ ಉಜ್ಜುತ್ತಿದ್ದಳು. ಬೆಳಿಗ್ಗೆ ಎದ್ದು ನೋಡಿದರೆ ಬಟ್ಟೆಯ ಮೇಲೆ ರಕ್ತದ ಚುಕ್ಕೆ, ಒಸರಿ ಒಣಗಿದ ನೀರು.

ನಮ್ಮದು ದಾವಣಗೆರೆ. ನೋಡಲು ಬಂದವರೆಲ್ಲ ಕೇಳುತ್ತಿದ್ದುದು ಒಂದೇ, 'ನೀನೇನು ತಿಂದೆ?' ಬದನೆಕಾಯಿ ನಂಜು, ಕಡಲೆಕಾಯಿ ನಂಜು, ಮೀನು ನಂಜು. ಬಾಣಂತಿಯ ತಟ್ಟೆಯಲ್ಲಿ ಅನ್ನ, ಮೆಣಸಿನ ಸಾರು ಬಿಟ್ಟರೆ ಏನೂ ಉಳಿಯಲಿಲ್ಲ. ಮಗುವಿನ ಚರ್ಮ ಮಾತ್ರ ಹಾಗೇ ಇತ್ತು.

ಚರ್ಮದ ಡಾಕ್ಟರು ಊಟದ ಮಾತನ್ನು ಮೊದಲು ಎತ್ತಲೇ ಇಲ್ಲ. ಇಂಥ ಮಕ್ಕಳ ಚರ್ಮ ಗಾರೆ ಉದುರಿದ ಗೋಡೆ ಇದ್ದ ಹಾಗೆ ಅಂದರು. ಒಳಗಿನ ತೇವ ಹೊರಗೆ ಹೋಗುತ್ತೆ, ಹೊರಗಿನದೆಲ್ಲ ಒಳಗೆ ನುಗ್ಗುತ್ತೆ. ಚರ್ಮವನ್ನು ಗಟ್ಟಿ ಮಾಡುವ ಫಿಲಾಗ್ರಿನ್ ಅನ್ನೋ ಪ್ರೊಟೀನ್ ಕೆಲವರಿಗೆ ಹುಟ್ಟಿನಿಂದಲೇ ಕಡಿಮೆ ಇರುತ್ತಂತೆ. 'ಮೊದಲು ಚರ್ಮ ಸರಿ ಮಾಡೋಣ. ಊಟದ ವಿಚಾರ ಬೇರೆ, ಅದನ್ನ ಬೇರೆಯಾಗೇ ನೋಡೋಣ' ಅಂದರು. ಆಮೇಲೆ ನಾವು ಮಾಡಿದ್ದೆಲ್ಲ ಈ ಮಾತಿನ ಮೇಲೆ ನಿಂತಿದೆ.

ಕ್ರೀಮಿನಲ್ಲಿ ಮುಖ್ಯವಾದದ್ದು ಅಳತೆ. ನಾವು ಬ್ರಾಂಡ್ ಯಾವುದು ಅಂತ ತಲೆ ಕೆಡಿಸಿಕೊಳ್ಳುತ್ತೇವೆ. ಆದರೆ ಮೈತುಂಬ ಎಕ್ಸಿಮಾ ಇರುವ ಮಕ್ಕಳಿಗೆ ವಾರಕ್ಕೆ 250 ಗ್ರಾಂನಿಂದ 500 ಗ್ರಾಂವರೆಗೂ ಮಾಯಿಶ್ಚರೈಸರ್ ಬೇಕಾಗಬಹುದು ಅಂತ ಬ್ರಿಟನ್ನಿನ ಮಾರ್ಗಸೂಚಿಯೇ ಹೇಳುತ್ತದೆ. ನಮ್ಮಲ್ಲಿ ಬರೆದುಕೊಡುವ ಸಣ್ಣ ಟ್ಯೂಬ್ ಎರಡು ದಿನಕ್ಕೂ ಸಾಲುವುದಿಲ್ಲ. ದುಬಾರಿ ಕ್ರೀಮನ್ನು ಅಷ್ಟು ಹಚ್ಚುವುದು ನಮ್ಮಂಥವರಿಗೆ ಆಗದ ಮಾತು. ಹಾಗಾಗಿ ಡಾಕ್ಟರನ್ನೇ ಕೇಳಿ, ವಾಸನೆ ಬೆರೆಸದ ಬಿಳಿ ಪೆಟ್ರೋಲಿಯಂ ಜೆಲ್ಲಿಯ ದೊಡ್ಡ ಡಬ್ಬಿ ತಂದೆವು. ಡಿಸೆಂಬರ್, ಜನವರಿಯ ಒಣ ಗಾಳಿಗೆ ಅದು ತುಂಬ ಒಳ್ಳೆಯದು. ಏಪ್ರಿಲ್ ಸೆಖೆಯಲ್ಲಿ ಬೆವರಿ ಇನ್ನೂ ಕೆರೆತ ಬರುವುದರಿಂದ ಆಗ ತೆಳುವಾದ ಕ್ರೀಮ್. ಒಂದು ಎಚ್ಚರ ಮಾತ್ರ ಇರಲಿ. ಈ ಜಿಡ್ಡು ಹೀರಿದ ಬಟ್ಟೆಗೆ ಬೆಂಕಿ ಬೇಗ ಹತ್ತುತ್ತದೆ. ಮಗುವನ್ನು ಎತ್ತಿಕೊಂಡು ದೀಪ, ಗ್ಯಾಸ್ ಒಲೆಯ ಹತ್ತಿರ ಹೋಗಬಾರದು.

ಸ್ನಾನದಲ್ಲಿ ಬದಲಾದದ್ದು ಜಾಸ್ತಿ. ನಮ್ಮಲ್ಲಿ ಮಗುವಿಗೆ ಎರೆಯುವುದೆಂದರೆ ಹಬೆಯಾಡುವ ಬಿಸಿನೀರು, ಹಾಲಿನ ಕೆನೆ ಕಲಸಿದ ಕಡಲೆಹಿಟ್ಟು, ಕೊನೆಗೆ ಸಾಂಬ್ರಾಣಿ ಹೊಗೆ. ಒಡೆದ ಚರ್ಮಕ್ಕೆ ಬಿಸಿನೀರೂ ಉಜ್ಜುವುದೂ ಹೊಗೆಯೂ ಆಗಿಬರುವುದಿಲ್ಲ. ಕೆನೆಯದು ಇನ್ನೂ ಬೇರೆ ತೊಂದರೆ. ಬಿರುಕು ಬಿಟ್ಟ ಚರ್ಮದ ಮೂಲಕ ಆಹಾರದ ಪ್ರೊಟೀನ್ ಮೈಗೆ ಹೋದರೆ, ದೇಹ ಅದನ್ನು ಶತ್ರು ಅಂತ ಗುರುತಿಟ್ಟುಕೊಳ್ಳುವ ಸಾಧ್ಯತೆ ಇದೆ. ಅದೇ ಆಹಾರ ಬಾಯಿಂದ ಹೊಟ್ಟೆಗೆ ಹೋದರೆ ಸಾಮಾನ್ಯವಾಗಿ ಒಗ್ಗಿಸಿಕೊಳ್ಳುತ್ತದೆ. ಬಾದಾಮಿ ಎಣ್ಣೆ, ಕಡಲೆಕಾಯಿ ಎಣ್ಣೆ ಮಾಲೀಶಿಗೂ ಇದೇ ಮಾತು. ಕೆನೆ, ಹಿಟ್ಟು, ಆ ಎಣ್ಣೆಗಳು ಎಲ್ಲ ನಿಂತವು. ಉಗುರು ಬೆಚ್ಚಗಿನ ನೀರು, ಸೋಪಿಲ್ಲದ ಕ್ಲೆನ್ಸರ್, ಐದ್ಹತ್ತು ನಿಮಿಷ, ಮೆತ್ತನೆ ಟವೆಲಿನಲ್ಲಿ ಒತ್ತಿ ತೆಗೆದು, ಮೈ ಇನ್ನೂ ಹಸಿ ಇರುವಾಗಲೇ ಕ್ರೀಮ್. ಬೋರ್‌ವೆಲ್ಲಿನ ಗಡಸು ನೀರಿಗೆ ಸಾಫ್ಟ್‌ನರ್ ಹಾಕಿಸಿ ಅಂತ ಬಹಳ ಜನ ಹೇಳಿದರು. ಇಂಗ್ಲೆಂಡಿನಲ್ಲಿ ಮಕ್ಕಳ ಮನೆಗಳಲ್ಲಿ ಅದನ್ನು ಹಾಕಿಸಿ ಪರೀಕ್ಷೆ ಮಾಡಿದ್ದಾರೆ, ಎಕ್ಸಿಮಾಕ್ಕೆ ಏನೂ ಹೆಚ್ಚು ಉಪಯೋಗವಾಗಿಲ್ಲ. ಆ ದುಡ್ಡು ಉಳಿಯಿತು.

ಅತ್ತೆಗೆ ಇದೆಲ್ಲ ಕಷ್ಟವಾಯಿತು. ಮೊಮ್ಮಗಳಿಗೆ ಎರೆಯುವುದು ಅವರ ಕೆಲಸ, ಅದನ್ನು ಕಿತ್ತುಕೊಂಡ ಹಾಗೆ ಆಗಬಾರದಲ್ವಾ? ಕ್ರೀಮ್ ಹಚ್ಚುವುದನ್ನು ಅವರಿಗೇ ಬಿಟ್ಟೆ. ಕಾಲು ನೀಡಿ ಕೂತು, ಮಗುವನ್ನು ಮೊಣಕಾಲ ಮೇಲೆ ಮಲಗಿಸಿಕೊಂಡು, ಕೂದಲು ಮಲಗುವ ದಿಕ್ಕಿಗೇ ಮೇಲಿಂದ ಕೆಳಗೆ ನಿಧಾನ ಸವರುತ್ತಾರೆ. ಎದುರು ದಿಕ್ಕಿಗೆ ಉಜ್ಜಿದರೆ ಕೂದಲ ಬುಡದಲ್ಲಿ ಕೀವಿನ ಗುಳ್ಳೆ ಬರಬಹುದು. ನನ್ನ ಕೈಗಿಂತ ಅವರ ಕೈಯಲ್ಲಿ ಅವಳು ಬೇಗ ಸುಮ್ಮನಾಗುತ್ತಾಳೆ.

ಇನ್ನು ಸ್ಟೀರಾಯ್ಡ್, ಅಂದರೆ ಚರ್ಮದ ಉರಿ ಆರಿಸುವ ಔಷಧಿ. ಈ ಹೆಸರು ಕೇಳಿದರೇ ಮನೆಯವರೆಲ್ಲ ಬೆಚ್ಚಿಬೀಳುತ್ತಾರೆ. ಹೆದರಬೇಕಾದ್ದು ಯಾರೂ ಬರೆದುಕೊಡದೆ ಮೆಡಿಕಲ್ ಶಾಪಿನಲ್ಲಿ 'ತುರಿಕೆಗೆ' ಅಂತ ಕೊಡುವ ಮೂರು ನಾಲ್ಕು ಔಷಧಿ ಬೆರೆಸಿದ ಟ್ಯೂಬಿಗೆ. ಅದರಲ್ಲಿ ಬಹಳ ಬಲವಾದ ಸ್ಟೀರಾಯ್ಡ್ ಇರಬಹುದು. ನಮ್ಮ ಡಾಕ್ಟರು ಮುಖಕ್ಕೆ ಮೃದುವಾದದ್ದು, ಮೈಗೆ ಮಧ್ಯಮದ್ದು ಬರೆದರು. ಅಳತೆಯನ್ನು ಬೆರಳಿನಲ್ಲೇ ತೋರಿಸಿದರು. ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆರೆವರೆಗೆ ಟ್ಯೂಬಿನಿಂದ ಹಿಂಡಿದರೆ ಸುಮಾರು ಅರ್ಧ ಗ್ರಾಂ. ದೊಡ್ಡವರ ಎರಡು ಅಂಗೈಯಷ್ಟು ಜಾಗಕ್ಕೆ ಅಷ್ಟು ಸಾಕು. ಅಷ್ಟು ಬೇಕೂ ಬೇಕು. ಹೆದರಿ ಹೆದರಿ ಚೂರೇ ಚೂರು ಹಚ್ಚಿದರೆ ಚರ್ಮ ಪೂರ್ತಿ ವಾಸಿಯಾಗದೆ ಔಷಧಿ ತಿಂಗಳುಗಟ್ಟಲೆ ಎಳೆಯುತ್ತದೆ.

ಯಾವಾಗ ನಿಲ್ಲಿಸಬೇಕು ಅನ್ನುವುದು ಕಣ್ಣಿಗಿಂತ ಬೆರಳಿಗೆ ಚೆನ್ನಾಗಿ ಗೊತ್ತಾಗುತ್ತದೆ. ಪುಸ್ತಕಗಳಲ್ಲಿ ಕೆಂಪು ಕೆಂಪು ಕೆನ್ನೆಯ ಬಿಳಿ ಮಕ್ಕಳ ಚಿತ್ರ ಇರುತ್ತದೆ. ನಮ್ಮ ಮಕ್ಕಳ ಕಂದು ಮೈಯಲ್ಲಿ ಅದು ಕಪ್ಪಗೆ, ಬೂದು ಬಣ್ಣಕ್ಕೆ ಕಾಣುತ್ತದೆ. ಕಣ್ಣು ಮುಚ್ಚಿ ಬೆರಳಾಡಿಸಿ ನೋಡಿದರೆ ಒರಟು ಎಲ್ಲಿ ಉಳಿದಿದೆ ಅಂತ ತಿಳಿಯುತ್ತದೆ. ನುಣ್ಣಗಾದ ಮೇಲೆ, ಪದೇ ಪದೇ ಏಳುವ ಜಾಗಗಳಿಗೆ ಮಾತ್ರ ವಾರಕ್ಕೆ ಎರಡು ರಾತ್ರಿ ಹಚ್ಚಿ ಅಂದರು. ಮತ್ತೆ ಉಕ್ಕುವುದು ಕಡಿಮೆಯಾದದ್ದೇ ಇದರಿಂದ. ವಾಸಿಯಾದ ಕಡೆ ಬಿಳಿಚಿದ ಮಚ್ಚೆ ಉಳಿದಾಗ 'ತೊನ್ನು ಬಂತಾ?' ಅಂತ ನೆಂಟರಲ್ಲಿ ಗುಸುಗುಸು. ಅದು ತೊನ್ನಲ್ಲ. ಉರಿ ಆರಿದ ಗುರುತು, ನಿಧಾನ ಮಾಮೂಲು ಬಣ್ಣಕ್ಕೆ ಬಂತು.

ತೀರಾ ಕೆಟ್ಟ ದಿನಗಳಿಗೆ ಒದ್ದೆ ಬಟ್ಟೆ ಸುತ್ತುವುದನ್ನು ಕಲಿಸಿದ್ದರು. ಮಾವನವರ ಹಳೇ ಪಂಚೆ ಹರಿದು ಪಟ್ಟಿ ಮಾಡಿದೆ. ಔಷಧಿ, ಕ್ರೀಮ್ ಹಚ್ಚಿ, ಬೆಚ್ಚಗಿನ ನೀರಲ್ಲಿ ಅದ್ದಿ ಹಿಂಡಿದ ಪಟ್ಟಿ ಸುತ್ತಿ, ಮೇಲೊಂದು ಒಣ ಹತ್ತಿ ಅಂಗಿ. ಆ ರಾತ್ರಿಗಳಲ್ಲಿ ಅವಳೂ ಮಲಗಿದಳು, ನಾವೂ ಮಲಗಿದೆವು. ಇದನ್ನು ಡಾಕ್ಟರು ಹೇಳಿದಷ್ಟೇ ದಿನ ಮಾಡಬೇಕು, ಯಾಕೆಂದರೆ ಔಷಧಿ ಹೆಚ್ಚು ಒಳಗೆ ಹೋಗುತ್ತದೆ. ಹಳದಿ ಹಕ್ಕಳೆ ಕಟ್ಟಿದರೆ ಸೋಂಕಾಗಿರಬಹುದು, ತೋರಿಸಬೇಕು. ಜ್ವರದ ಜೊತೆ ಒಂದೇ ಥರದ ಸಣ್ಣ ಗುಳ್ಳೆಗಳು ಗುಂಪಾಗಿ ಎದ್ದು ಕುಳಿ ಬಿದ್ದರೆ ಅದು ಹರ್ಪಿಸ್ ಅನ್ನುವ ವೈರಸ್ಸಿನ ಸೋಂಕು ಇರಬಹುದು. ಅವತ್ತೇ ಆಸ್ಪತ್ರೆಗೆ ಹೋಗಬೇಕು. ತುಟಿಯ ಮೇಲೆ ಜ್ವರದ ಗುಳ್ಳೆ ಇದ್ದವರು ಮಗುವಿಗೆ ಮುತ್ತು ಕೊಡದ ಹಾಗೆ ನೋಡಿಕೊಂಡೆವು.

ಈಗ ಊಟ. ಏಳನೇ ತಿಂಗಳಲ್ಲಿ ಮೊಸರನ್ನದ ಎರಡು ತುತ್ತಿಗೆ ಬಾಯಿ ಸುತ್ತ ಪಿತ್ತದ ಗಂಧೆಯ ಹಾಗೆ ಎದ್ದಿತು. ಕಣ್ಣು ಊದಿಕೊಂಡಿತು, ವಾಂತಿಯಾಯಿತು. ಆಸ್ಪತ್ರೆಗೆ ಓಡಿದೆವು. ಇದು ನಿಧಾನವಾದ ಎಕ್ಸಿಮಾ ಕೆರೆತ ಅಲ್ಲ, ಕೂಡಲೇ ಬರುವ ಅಲರ್ಜಿ. ಆಮೇಲಿನ ರಕ್ತ ಪರೀಕ್ಷೆಯಲ್ಲಿ ಹಾಲು, ಮೊಟ್ಟೆ, ಗೋಧಿ, ಕಡಲೆಕಾಯಿ, ಸೋಯಾ, ಎಲ್ಲದರ ಎದುರೂ ಅಲರ್ಜಿ ಇರಬಹುದು ಅನ್ನುವ ಅಂಕಿ ಬಂದಿತ್ತು. ಆ ಹಾಳೆಯನ್ನು ನಂಬಿ ಎಲ್ಲ ನಿಲ್ಲಿಸಿದ್ದರೆ ಮಗುವಿಗೆ ತಿನ್ನಲು ಏನು ಉಳಿಯುತ್ತಿತ್ತು? ಬೆಂಗಳೂರಿನ ಅಲರ್ಜಿ ಡಾಕ್ಟರು ಹಾಳೆಗಿಂತ ಮಗುವನ್ನು ನೋಡಿದರು. ಎಕ್ಸಿಮಾ ಇರುವ ಮಕ್ಕಳ ರಕ್ತದಲ್ಲಿ ಸುಮ್ನೆ ಅಂಕಿ ಬರುವುದುಂಟು. ಚಪಾತಿ ತಿಂದು ಆರಾಮಾಗಿದ್ದರೆ ಗೋಧಿ ನಿಲ್ಲಿಸಬಾರದು. ನಿಲ್ಲಿಸಿದರೆ ಒಗ್ಗಿದ್ದೂ ಕೈತಪ್ಪಬಹುದು. ನಾನು ಹಾಲು ಕುಡಿದು ಮೊಲೆಯುಣಿಸಿದಾಗ ಅವಳಿಗೇನೂ ಆಗುತ್ತಿರಲಿಲ್ಲ, ಹಾಗಾಗಿ ನನಗೂ ಪಥ್ಯ ಬೇಡ ಅಂದರು. ಬಾಣಂತನದಲ್ಲಿ ಬಿಟ್ಟಿದ್ದೆಲ್ಲ ನನ್ನ ತಟ್ಟೆಗೆ ವಾಪಸು ಬಂತು.

ಕಡಲೆಕಾಯಿಯನ್ನು ಆಸ್ಪತ್ರೆಯಲ್ಲೇ ಕೂರಿಸಿಕೊಂಡು ಸ್ವಲ್ಪ ಸ್ವಲ್ಪ ಕೊಟ್ಟು ನೋಡಿದರು. ಏನೂ ಆಗಲಿಲ್ಲ. ಇಂಥ ಮಕ್ಕಳಿಗೆ ಕಡಲೆಕಾಯಿಯನ್ನು ಬೇಗ ತಿನ್ನಿಸುವುದೇ ಒಳ್ಳೆಯದು ಅಂತ ಲಂಡನ್ನಿನ ಲೀಪ್ ಅಧ್ಯಯನ 2015ರಲ್ಲಿ ತೋರಿಸಿದೆ. ಜೋರು ಎಕ್ಸಿಮಾ ಅಥವಾ ಮೊಟ್ಟೆ ಅಲರ್ಜಿ ಇದ್ದ 640 ಕೂಸುಗಳಲ್ಲಿ ಕಡಲೆಕಾಯಿಯಿಂದ ದೂರ ಇಟ್ಟವರಲ್ಲಿ ಐದನೇ ವರ್ಷಕ್ಕೆ ನೂರಕ್ಕೆ ಸುಮಾರು 17 ಮಕ್ಕಳಿಗೆ ಅದರ ಅಲರ್ಜಿ ಬಂದಿತ್ತು. ಚಿಕ್ಕಂದಿನಿಂದ ತಿನ್ನಿಸಿದವರಲ್ಲಿ ಸುಮಾರು 3 ಮಾತ್ರ. ನಾವು ಕಡಲೆಕಾಯಿಯನ್ನು ನುಣ್ಣಗೆ ರುಬ್ಬಿ ರಾಗಿ ಸರಿಗೆ ಬೆರೆಸಿ ಪ್ರತಿ ವಾರ ತಪ್ಪದೆ ಕೊಡುತ್ತೇವೆ. ಇಡೀ ಬೀಜ ಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಹೀಗೆ ಕೊನೆಗೆ ನಿಷೇಧ ಉಳಿದದ್ದು ಎರಡಕ್ಕೇ, ಹಾಲು ಮತ್ತು ಮೊಟ್ಟೆ. ಮೊಟ್ಟೆಯಿಂದಲೂ ಆಸ್ಪತ್ರೆಯಲ್ಲೇ ಮೈ ಎದ್ದಿತ್ತು. ಮೊಟ್ಟೆ ಅಲರ್ಜಿ ಇದ್ದರೂ ದಡಾರದ ಎಂಎಂಆರ್ ಲಸಿಕೆ ಹಾಕಿಸಬಹುದು, ನಾವು ಹಾಕಿಸಿದೆವು.

ಬೆಣ್ಣೆ ದೋಸೆಯ ಊರಲ್ಲಿ ಹಾಲಿಲ್ಲದ ಮಗು ಬೆಳೆಸುವುದು ಸಲೀಸಲ್ಲ. ಎಮ್ಮೆ ಹಾಲು, ಆಡಿನ ಹಾಲು ಕೊಡಿ ಅನ್ನುತ್ತಾರೆ, ಅವುಗಳ ಪ್ರೊಟೀನ್ ಹಸುವಿನದಕ್ಕೆ ಬಹಳ ಹತ್ತಿರ, ಅದೇ ಅಲರ್ಜಿ ಬರುತ್ತದೆ. ಬೀದಿಯಲ್ಲಿ ಕತ್ತೆ ಹಾಲು ಕೂಗಿ ಬಂದಾಗ ಓಣಿಯೆಲ್ಲ ಸಲಹೆ ಕೊಟ್ಟಿತು. ಹಸಿ ಹಾಲು, ಸೋಂಕಿನ ಭಯ, ಬೇಡ ಅಂದೆವು. ತುಪ್ಪದಲ್ಲೂ ಹಾಲಿನ ಅಂಶ ಉಳಿದಿರುತ್ತದೆ. ಬಿಸ್ಕತ್ತು, ಬ್ರೆಡ್ ಪೊಟ್ಟಣದ ಹಿಂದೆ ಮಿಲ್ಕ್ ಸಾಲಿಡ್ಸ್, ವೇ, ಕೇಸಿನೇಟ್ (ಎಲ್ಲ ಹಾಲಿನ ಅಂಶಗಳೇ) ಇದೆಯಾ ಅಂತ ಓದಿಯೇ ತರುತ್ತೇವೆ. ಹಾಲು, ಮೊಟ್ಟೆ, ಕಡಲೆಕಾಯಿ ಇದ್ದರೆ ಹೇಳಲೇಬೇಕು ಅನ್ನುವುದು ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲ್ ನಿಯಮ. ಮದುವೆ ಮನೆಗೆ ಅವಳ ಡಬ್ಬಿ ನಮ್ಮ ಜೊತೆ ಬರುತ್ತದೆ. ಪ್ರೀತಿಯಿಂದ ಅಂಗೈಗೆ ಪಂಚಾಮೃತ ಹಾಕುವವರನ್ನು ತಡೆಯುವುದೇ ಕಷ್ಟದ ಕೆಲಸ. 'ಸ್ವಲ್ಪಕ್ಕೆ ಏನಾಗುತ್ತೆ' ಅನ್ನುವವರಿಗೆ ನಮ್ಮವರು ಊದಿದ ಮುಖದ ಫೋಟೋ ತೋರಿಸುತ್ತಾರೆ. ಕ್ಯಾಲ್ಸಿಯಂಗೆ ರಾಗಿ ಇದೆ, 100 ಗ್ರಾಂನಲ್ಲಿ ಸುಮಾರು 350 ಮಿಲಿಗ್ರಾಂ. ಜೊತೆಗೆ ಡಾಕ್ಟರು ಬರೆದ ಸಿರಪ್.

ಉಸಿರಾಟಕ್ಕೆ ತೊಂದರೆಯಾದರೆ, ಮಗು ಸುಸ್ತಾಗಿ ಜೋಲು ಬಿದ್ದರೆ ಬೇಕಾದ ಔಷಧಿ ಅಡ್ರಿನಾಲಿನ್ ಒಂದೇ. ಅಲರ್ಜಿ ಸಿರಪ್ ಜೀವ ಉಳಿಸುವುದಿಲ್ಲ. ಒತ್ತಿದರೆ ತಾನೇ ಚುಚ್ಚುವ ಪೆನ್ ನಮಗೆ ಸಿಗಲಿಲ್ಲ. ಹಾಗಾಗಿ ಡಾಕ್ಟರು ಅವಳ ತೂಕಕ್ಕೆ ಸಿರಿಂಜಿನ ಮೇಲೆ ಗುರುತು ಹಾಕಿ, ತೊಡೆಯ ಹೊರಬದಿಗೆ ಹೇಗೆ ಕೊಡುವುದು ಅಂತ ನನಗೂ ನಮ್ಮವರಿಗೂ ಕಲಿಸಿದರು. ತೂಕ ಹೆಚ್ಚಿದ ಹಾಗೆ ಗುರುತು ಬದಲಾಗುತ್ತದೆ. ಕೊಟ್ಟ ಮೇಲೆ 108ಕ್ಕೆ ಫೋನು ಮಾಡಲೇಬೇಕು.

ಈಗ ಅವಳಿಗೆ ಎರಡೂವರೆ ವರ್ಷ. ಬಹಳ ಮಕ್ಕಳಿಗೆ ದೊಡ್ಡವರಾಗುತ್ತಾ ಹಾಲಿನ ಅಲರ್ಜಿ ವಾಸಿಯಾಗುತ್ತದೆ. ಹೆಚ್ಚು ಹೊತ್ತು ಓವನ್ನಿನಲ್ಲಿ ಬೆಂದ ಹಾಲನ್ನು ಮೊದಲು ತಡೆದುಕೊಳ್ಳುತ್ತಾರಂತೆ. ಆಸ್ಪತ್ರೆಯಲ್ಲಿ ಅದನ್ನು ಕೊಟ್ಟು ನೋಡಿದರು, ತಡೆದುಕೊಂಡಳು. ಮನೆಯಲ್ಲೀಗ ಹಾಲು ಹಾಕಿ ಬೇಯಿಸಿದ ಬಿಸ್ಕತ್ತು ದಿನಾ ಒಂದು. ಮುಂದಿನ ಮೆಟ್ಟಿಲು ಯಾವಾಗ ಅನ್ನುವುದನ್ನು ಡಾಕ್ಟರೇ ಹೇಳುತ್ತಾರೆ. ಮೊಣಕೈ ಸಂದಿಯಲ್ಲಿ, ಮಂಡಿಯ ಹಿಂದೆ ಎಕ್ಸಿಮಾ ಇನ್ನೂ ಇದೆ. ಜೆಲ್ಲಿ ಡಬ್ಬಿ ಖಾಲಿಯಾಗುತ್ತಲೇ ಇದೆ, ವಾರಕ್ಕೆರಡು ರಾತ್ರಿ ಔಷಧಿ ನಡೆಯುತ್ತಲೇ ಇದೆ. ರಾತ್ರಿ ಮಾತ್ರ ಒಂದೇ ನಿದ್ದೆ ಮಾಡುತ್ತಾಳೆ.